ಬಂದವರು ಯಾಕೆ ಬಂದರು

ಭದ್ರಾವತಿಯ ಜನ್ನಾಪುರದಲ್ಲಿ ಕಾರ್ಮಿಕರ ಸಂಘವೊಂದು ನಡೆಸುತ್ತಿದ್ದ ಗ್ರಂಥಾಲಯಕ್ಕೆ ಕರಿಬಸಮ್ಮ ಕಸ ಗುಡಿಸುವ ಕೆಲಸಕ್ಕೆಂದು ಸೇರಿದ್ದು ೧೯೮೯ರಲ್ಲಿ. ಓದಿದ್ದು ಏಳನೇ ಕ್ಲಾಸು. ಗಂಡ ಚೌಡಪ್ಪ ಲಾರಿಗಳಿಗೆ ಲೋಡು ಮಾಡುವ ಕೆಲಸಕ್ಕೆ ಹೋಗುತ್ತಿದ್ದರು.

ಗ್ರಂಥಪಾಲಕ ಷಡಕ್ಷರಪ್ಪನವರು ಮೊದಲ ವಾರದಲ್ಲೇ ಒಂದು ವಿಷಯ ಗಮನಿಸಿದರು. ಧೂಳು ಒರೆಸಲು ಪುಸ್ತಕ ಇಳಿಸಿದರೆ ಈಕೆ ಅವನ್ನು ಇದ್ದ ಕ್ರಮದಲ್ಲೇ ತಿರುಗಿ ಇಡುತ್ತಿದ್ದರು. ಹಿಂದೆ ಗುಡಿಸುತ್ತಿದ್ದವನು ಗಾತ್ರ ನೋಡಿ ಜೋಡಿಸಿಬಿಡುತ್ತಿದ್ದ. ಷಡಕ್ಷರಪ್ಪನವರು ನಿಧಾನವಾಗಿ ಪುಸ್ತಕಕ್ಕೆ ನಂಬರ್ ಹಾಕುವುದು, ಹರಿದ ಹಾಳೆ ಅಂಟಿಸುವುದು, ರಿಜಿಸ್ಟರ್ ಬರೆಯುವುದು ಎಲ್ಲವನ್ನೂ ಹೇಳಿಕೊಟ್ಟರು. ೧೯೯೯ರಲ್ಲಿ ಅವರು ನಿವೃತ್ತರಾಗಿ ಶಿವಮೊಗ್ಗದ ಕೋಟೆ ಹತ್ತಿರದ ತಮ್ಮ ಮನೆ ಸೇರಿದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಬೀಗದ ಕೈ ಕರಿಬಸಮ್ಮನವರ ಹತ್ತಿರವೇ ಉಳಿಯಿತು. ಬೆಳಿಗ್ಗೆ ಗುಡಿಸುವವರೂ ಅವರೇ, ಆಮೇಲೆ ಕೈ ತೊಳೆದುಕೊಂಡು ಬಂದು ಗ್ರಂಥಪಾಲಕರ ಕುರ್ಚಿಯಲ್ಲಿ ಕೂರುವವರೂ ಅವರೇ.

ಊರಲ್ಲಿ ಕೆಲಸಗಳು ಕಡಿಮೆಯಾಗುತ್ತಿದ್ದ ಕಾಲ ಅದು. ಸ್ವಯಂ ನಿವೃತ್ತಿ ತೆಗೆದುಕೊಂಡು ಹೊರಬಂದವರು ಬೀದಿಗೆ ನಾಲ್ಕು ಜನ ಇದ್ದರು. ಸದಸ್ಯರು ಕಡಿಮೆಯಾದ ಹಾಗೆ ಸಂಘಕ್ಕೆ ಬರುವ ವಂತಿಗೆಯೂ ಇಳಿಯಿತು. ೨೦೦೨ರ ಜನವರಿಯಲ್ಲಿ ಸಂಘದ ಹೊಸ ಕಾರ್ಯದರ್ಶಿ ಮಲ್ಲಿಕ್ ಗ್ರಂಥಾಲಯದ ರಿಜಿಸ್ಟರ್ ತರಿಸಿಕೊಂಡರು. ಇನ್ನೂ ಮೂವತ್ತೈದು ದಾಟದ, ಮೆಲ್ಲಗೆ ಮಾತಾಡುವ ಮನುಷ್ಯ.

"ಕರಿಬಸಮ್ಮೋರೆ, ಐದು ವರ್ಷದ ಕೆಳಗೆ ದಿನಕ್ಕೆ ನಲವತ್ತು ಪುಸ್ತಕ ಹೋಗ್ತಿತ್ತು. ಈಗ ಒಂಬತ್ತು. ಜನಕ್ಕೆ ಬೇಡ ಅಂತಾಯ್ತಲ್ಲ?"

"ಜನ ಬರ್ತಾರೆ ಸಾರ್. ಪುಸ್ತಕ ಮನೆಗೆ ಒಯ್ಯಲ್ಲ ಅಷ್ಟೆ."

"ಬರ್ತಾರೆ ಅಂದ್ರೆ ಸಾಲ್ದು. ಸಂಘ ನಡೆಸೋ ಕ್ಲಿನಿಕ್ಕು, ಸ್ಕೂಲ್ ಬಸ್ಸು, ಲೈಬ್ರರಿ, ಈ ಮೂರರಲ್ಲಿ ಒಂದನ್ನ ನಿಲ್ಲಿಸಬೇಕು ಅಂತ ಕಮಿಟಿಯೋರು ಅಂತಿದ್ದಾರೆ. ಮಾರ್ಚ್‌ನಲ್ಲಿ ಬಜೆಟ್ ಮೀಟಿಂಗು. ಲೈಬ್ರರಿಯಿಂದ ಏನು ಉಪಯೋಗ ಅಂತ ಒಂದು ರಿಪೋರ್ಟ್ ಬರ್ಕೊಡಿ."

ಕರಿಬಸಮ್ಮನವರಿಗೆ ಆ ರಾತ್ರಿ ಊಟ ಸೇರಲಿಲ್ಲ. ಕ್ಲಿನಿಕ್ ಮುಚ್ಚಿ ಎನ್ನಲು ಬಾಯಿ ಬರುವುದಿಲ್ಲ. ಬಸ್ ನಿಲ್ಲಿಸಿ ಎಂದರೆ ಮಕ್ಕಳು ಬಿಸಿಲಲ್ಲಿ ನಡೆಯಬೇಕು. ಅವುಗಳ ಮುಂದೆ ಪುಸ್ತಕದ ಬೀರುಗಳನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಭಾನುವಾರ ಬಸ್ ಹತ್ತಿ ಷಡಕ್ಷರಪ್ಪನವರ ಮನೆಗೆ ಹೋದರು.

"ನೀವೇ ಬರ್ಕೊಡಿ ಸಾರ್. ನನ್ನ ಅಕ್ಷರ ಯಾರು ಓದ್ತಾರೆ?"

"ನಾನು ಬರೆದ್ರೆ ಗ್ರಂಥಾಲಯ ಜ್ಞಾನದ ದೇಗುಲ ಅಂತ ಬರೀತೀನಿ ಮಾರಾಯ್ತಿ. ಓದಿ ತಲೆದೂಗಿ, ಬೀಗ ಹಾಕ್ಕೊಂಡು ಹೋಗ್ತಾರೆ," ಎಂದು ಮುದುಕರು ನಕ್ಕರು. ಆಮೇಲೆ ಹೇಳಿದರು: "ಎಷ್ಟು ಪುಸ್ತಕ ಹೋಯ್ತು ಅಂತ ರಿಜಿಸ್ಟರ್ ಹೇಳುತ್ತೆ. ಬಂದವರು ಯಾಕೆ ಬಂದ್ರು ಅನ್ನೋದು ಅದಕ್ಕೆ ಗೊತ್ತಿಲ್ಲ. ನೀನು ಕೇಳು. ಅವರು ಹೇಳಿದ್ದನ್ನ ಹಾಗೇ ಬರಿ. ಸೇರಿಸಬೇಡ, ಬಿಡಬೇಡ."

ಸೋಮವಾರದಿಂದಲೇ ಇನ್ನೂರು ಪುಟದ ನೋಟ್‌ಬುಕ್ ಒಂದು ಮೇಜಿನ ಮೇಲೆ ಬಂತು. ಹೊರಗೆ ಹೊರಟವರನ್ನೆಲ್ಲ ಕರಿಬಸಮ್ಮ ನಿಲ್ಲಿಸಿ, ಯಾವುದಕ್ಕೆ ಬಂದಿದ್ದು, ಸಿಕ್ಕಿತೇ ಎಂದು ಕೇಳತೊಡಗಿದರು. "ಏನಕ್ಕಾ, ಇದೇನು ಪೊಲೀಸ್ ಸ್ಟೇಷನ್ನಾ?" ಎಂದು ಒಬ್ಬರು ರೇಗಿದರು. ಕಾರಣ ತಿಳಿಸಿದ ಮೇಲೆ ಅವರೇ ನಿಂತು ಹೇಳಿ ಬರೆಸಿದರು.

ಪಿಂಚಣಿ ಅರ್ಜಿಗೆ ಯಾವ ಕಾಗದ ಲಗತ್ತಿಸಬೇಕೆಂದು ತಿಳಿಯಲು ಕೃಷ್ಣಪ್ಪ ಬಂದಿದ್ದರು, ತಿಳಿಯಿತು. ಸಮತಾ ಎಂಬ ಹುಡುಗಿ ದಿನಾ ಸಂಜೆ ಗುಮಾಸ್ತೆ ಹುದ್ದೆಯ ಪರೀಕ್ಷೆಗೆ ಓದಲು ಬರುತ್ತಿದ್ದಳು. ಮನೆಯಲ್ಲಿ ಒಂದೇ ಕೋಣೆ, ಆರು ಜನ. ಮೊಮ್ಮಗಳಿಗೆ ಹೆಸರು ಹುಡುಕಲು ಒಬ್ಬ ಅಜ್ಜಿ ಬಂದಿದ್ದರು. ಸಿಕ್ಕಿತು, ಸೊಸೆ ಒಪ್ಪಲಿಲ್ಲವಂತೆ. ಇಬ್ಬರು ಮಧ್ಯಾಹ್ನ ಫ್ಯಾನಿನ ಕೆಳಗೆ ಮಲಗಲು ಬಂದಿದ್ದರು. ಅದನ್ನೂ ಬರೆದರು.

ಧರ್ಮೇಂದ್ರ ಎಂಬುವರನ್ನು ಮಾತ್ರ ಕರಿಬಸಮ್ಮ ವಾರವಾದರೂ ಏನೂ ಕೇಳಿರಲಿಲ್ಲ. ನಲವತ್ತರ ಆಸುಪಾಸು. ಹಿಂದಿನ ವರ್ಷ ಕೆಲಸ ಹೋಗಿತ್ತು. ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕಾಯುವವರು. ಒಂದು ದಿನ ಅವರೇ ಮೇಜಿನ ಹತ್ತಿರ ಬಂದು ನಿಂತರು.

"ನನ್ನನ್ಯಾಕೆ ಕೇಳಲ್ಲ ಅಕ್ಕ?"

"ನಿಮಗೆ ಬೇಜಾರಾಗ್ಬಹುದು ಅಂತ."

ಅವರು ಕಿಟಕಿ ಕಡೆ ನೋಡಿದರು. "ಮನೇಲಿ ಕೂತ್ರೆ ನಾನು ಕೆಲಸ ಇಲ್ಲದೋನು. ಇಲ್ಲಿ ಕೂತ್ರೆ ಪೇಪರ್ ಓದೋನು. ಅದಕ್ಕೆ ಬರ್ತೀನಿ. ಬರ್ಕೊಳ್ಳಿ, ಹೆಸರು ಮಾತ್ರ ಬೇಡ."

ಕರಿಬಸಮ್ಮ ಹಾಗೇ ಬರೆದರು. ಅವರ ಮುಖ ನೋಡಲಾಗದೆ ಪುಟದ ಮೇಲೇ ಕಣ್ಣಿಟ್ಟಿದ್ದರು.

ಮಾರ್ಚ್ ತಿಂಗಳ ಮೀಟಿಂಗಿಗೆ ಕರಿಬಸಮ್ಮನವರೂ ಬಂದಿದ್ದರು. ರಿಪೋರ್ಟಿನ ಬದಲು ಅವರು ಕೊಟ್ಟ ನೋಟ್‌ಬುಕ್ಕನ್ನು ಮಲ್ಲಿಕ್ ಎಲ್ಲರಿಗೂ ನೋಡಲು ಕೊಟ್ಟರು. ಹಿರಿಯ ಸದಸ್ಯ ಕೊಟ್ರಬಸಪ್ಪನವರು ಓದುತ್ತಾ ಓದುತ್ತಾ ಜೋರಾಗಿ ನಕ್ಕರು.

"ಫ್ಯಾನಿನ ಕೆಳಗೆ ಮಲಗೋಕೆ ಬಂದ್ರು ಅಂತ ಬರ್ದಿದ್ದೀಯಲ್ಲಮ್ಮ! ಲೈಬ್ರರಿ ಉಳಿಸೋಕೆ ಬಂದಿದ್ದೀಯೋ ಮುಚ್ಚಿಸೋಕೋ?"

"ಅವರು ಬಂದಿದ್ದು ನಿಜ ಸಾರ್."

ಕೊಟ್ರಬಸಪ್ಪನವರು ಪುಟ ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಓದತೊಡಗಿದರು. ಈ ಸಲ ನಗಲಿಲ್ಲ. ಹೆಸರಿಲ್ಲದ ಆ ಮಾತು ಬಂದಾಗ ಅದನ್ನು ಗಟ್ಟಿಯಾಗಿ ಓದಿ ಪಕ್ಕದವರಿಗೆ ದಾಟಿಸಿದರು. ಅಲ್ಲಿ ಕೂತ ಒಂಬತ್ತು ಜನರ ಮನೆಗಳಲ್ಲೂ ಕೆಲಸ ಕಳೆದುಕೊಂಡ ಅಣ್ಣನೋ ಭಾವನೋ ಇದ್ದರು.

ಕರಿಬಸಮ್ಮ ಧೈರ್ಯ ಮಾಡಿ ಇನ್ನೊಂದು ಮಾತು ಹೇಳಿದರು. "ಹನ್ನೆರಡರಿಂದ ಮೂರೂವರೆ ತನಕ ಮಲಗೋರು ಬಿಟ್ರೆ ಯಾರೂ ಬರಲ್ಲ. ಆಗ ಮುಚ್ಚಬಹುದು. ಎಂಟು ಪೇಪರಲ್ಲಿ ಮೂರನ್ನ ಯಾರೂ ಮುಟ್ಟಲ್ಲ. ಸಂಜೆ ಮಾತ್ರ ಎಂಟರ ತನಕ ತೆಗೆದಿರಲೇಬೇಕು ಸಾರ್, ಶಿಫ್ಟ್ ಮುಗಿಸಿದೋರು, ಓದೋ ಮಕ್ಕಳು ಆಗಲೇ ಬರೋದು."

"ನಿಮ್ಮ ಲೈಬ್ರರೀನ ನೀವೇ ಕಡಿಮೆ ಮಾಡ್ತಿದ್ದೀರಲ್ಲ?" ಎಂದರು ಮಲ್ಲಿಕ್.

"ಬೇಡದ್ದು ಬಿಟ್ರೆ ಬೇಕಾಗಿದ್ದು ಉಳಿಯುತ್ತೇನೋ ಅಂತ."

ಎರಡು ಗಂಟೆ ಚರ್ಚೆ ನಡೆಯಿತು. ಕೊನೆಗೆ ಮೂರರಲ್ಲಿ ಯಾವುದನ್ನೂ ನಿಲ್ಲಿಸದೆ, ಮೂರನ್ನೂ ಅಷ್ಟಷ್ಟು ಮೊಟಕು ಮಾಡುವುದೆಂದು ತೀರ್ಮಾನವಾಯಿತು. ಗ್ರಂಥಾಲಯಕ್ಕೆ ಹೊಸ ಪುಸ್ತಕ ಇಲ್ಲ, ಐದೇ ಪೇಪರು. ಅದೂ ಒಂದು ವರ್ಷದ ಮಟ್ಟಿಗೆ. ಮನೆಗೆ ಬಂದು ಹೇಳಿದಾಗ ಚೌಡಪ್ಪ, "ಒಂದು ವರ್ಷ ಅಂದ್ರೆ ಒಂದು ವರ್ಷ. ಈಗ ಊಟ ಮಾಡು," ಎಂದರು. ಅಂದು ಕರಿಬಸಮ್ಮ ಎರಡು ಮುದ್ದೆ ಉಂಡರು.

ಜೂನ್ ತಿಂಗಳಲ್ಲಿ ಧರ್ಮೇಂದ್ರ ಬರುವುದು ನಿಂತಿತು. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ತೂಕ ಬರೆಯುವ ಕೆಲಸ ಸಿಕ್ಕಿದೆ, ಜಾಹೀರಾತು ನೋಡಿದ್ದು ಗ್ರಂಥಾಲಯದ ಪೇಪರಿನಲ್ಲೇ ಎಂದು ಯಾರೋ ಹೇಳಿದರು. ಮೆಟ್ಟಿಲು ಖಾಲಿ ಕಂಡಾಗ ಕರಿಬಸಮ್ಮನವರಿಗೆ ಕೆಲವು ದಿನ ಏನೋ ಕಳೆದುಕೊಂಡ ಹಾಗಾಯಿತು. ಮುಂದಿನ ಮಾರ್ಚ್‌ನಲ್ಲಿ, ದಿನಾ ಬರುವವರಲ್ಲಿ ಒಬ್ಬರು ಯಾಕೆ ಕಡಿಮೆಯಾದರು ಎಂದು ಮಲ್ಲಿಕ್ ಕೇಳಿದಾಗ, "ಕೆಲಸ ಸಿಕ್ತು ಸಾರ್," ಎಂದರು. ಮಲ್ಲಿಕ್ ಅದನ್ನು ತಮ್ಮ ಕೈಯಾರೆ ವರದಿಯಲ್ಲಿ ಸೇರಿಸಿದರು.

ಸಮತಾ ಮೊದಲ ಸಲ ಫೇಲಾದಳು, ಎರಡನೇ ಸಲ ಪಾಸಾದಳು. ಗ್ರಂಥಾಲಯ ಮುಂದೆ ಚಿಕ್ಕ ಕೋಣೆಗೆ ಹೋಯಿತು, ಆದರೆ ಮುಚ್ಚಲಿಲ್ಲ. ೨೦೦೮ರವರೆಗೆ ಕರಿಬಸಮ್ಮ ಅಲ್ಲೇ ದುಡಿದರು. ಸಂಬಳದ ಪಟ್ಟಿಯಲ್ಲಿ ಕಡೆಯವರೆಗೂ ಅವರ ಹುದ್ದೆ ಸ್ವಚ್ಛತಾ ಸಿಬ್ಬಂದಿ ಎಂದೇ ಇತ್ತು. ಓದುಗರು ಮಾತ್ರ ಅವರನ್ನು ಲೈಬ್ರರಿ ಮೇಡಂ ಎಂದು ಕರೆಯುತ್ತಿದ್ದರು.