ಅತ್ತೆ ಮುಡಿದು ಬಂದ ಗುಲಾಬಿ

ಯಾರಾದರೂ ದೆವ್ವ, ಶಕುನ, ಕನಸಿನಲ್ಲಿ ಬಂದ ಅಜ್ಜಿ ಎಂದು ಶುರು ಮಾಡಿದರೆ ನಾನು ಸೆರಗಿನ ಮರೆಯಲ್ಲಿ ನಗುವವಳು. ನನ್ನ ಕೆಲಸವೂ ನನ್ನ ಬುದ್ಧಿಗೆ ತಕ್ಕ ಹಾಗೇ ಇದೆ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಯಾರಾದರೂ ಏನೋ ತಪ್ಪಾಗಿದೆ ಎಂದು ದೂರು ಕೊಟ್ಟರೆ, ಎಲ್ಲಿ, ಇನ್ನೊಮ್ಮೆ ಮಾಡಿ ತೋರಿಸಿ ಎನ್ನುತ್ತೇವೆ. ಮತ್ತೆ ಕಾಣಿಸಿಕೊಳ್ಳಲಿಲ್ಲವೋ, ದೂರನ್ನು ಮುಚ್ಚಿ ಕಾಫಿಗೆ ಏಳುತ್ತೇವೆ. ಹೀಗೆ ಬದುಕಿದವಳು ಈಗ ಬರೆಯಲು ಕೂತಿರುವುದು ಒಂದೇ ಒಂದು ಸಲ ನಡೆದ, ಇನ್ನೊಮ್ಮೆ ಮಾಡಿ ತೋರಿಸಲಾಗದ ಸಂಗತಿಯನ್ನು. ನಂಬಿ ಎಂದು ನಿಮ್ಮನ್ನು ಒತ್ತಾಯ ಮಾಡುವುದಿಲ್ಲ. ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಈಗ ನಾವಿರುವುದು ಆಸ್ಟ್ರೇಲಿಯಾದ ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ. ಆಗ ಅಡಿಲೇಡ್‌ನ ಮಾಸನ್ ಲೇಕ್ಸ್‌ನಲ್ಲಿದ್ದೆವು. ಮಾವನವರು ತೀರಿಕೊಂಡು ವರ್ಷ ಕಳೆದಿತ್ತು. ನನ್ನ ಗಂಡ ಶ್ರೀಧರ, ತನ್ನ ಅಮ್ಮನನ್ನು ಮೂರು ತಿಂಗಳಿಗೆಂದು ಮೈಸೂರಿನಿಂದ ಕರೆಸಿಕೊಂಡಿದ್ದ. ನಮ್ಮತ್ತೆಗೆ ಸುಮ್ಮನೆ ಕೂತು ಗೊತ್ತಿಲ್ಲ. ಬಂದ ವಾರದಲ್ಲೇ ನನ್ನ ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಾಯಿಸಿದವು, ಮೆಂತ್ಯದ ಡಬ್ಬಿಯಂತೂ ಕೊನೆಯವರೆಗೂ ನನಗೆ ಸಿಗಲೇ ಇಲ್ಲ. ನನಗೂ ಅವರಿಗೂ ಅಷ್ಟಕ್ಕಷ್ಟೇ. ಆದರೂ ಅವರನ್ನು ನೋಡಿದಾಗಲೆಲ್ಲ ನನಗೆ ಅವರ ಮೊದಲಿನ ರೂಪವೇ ನೆನಪಾಗುತ್ತಿತ್ತು. ನಾನು ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗ ಕಂಡ ಅತ್ತೆ ದಿನಾ ಸಂಜೆ ಮುಖ ತೊಳೆದು, ಕಾಸಗಲ ಕುಂಕುಮ ಇಟ್ಟು, ದೇವರಾಜ ಮಾರುಕಟ್ಟೆಯ ಮಲ್ಲಿಗೆ ಮುಡಿದು ಜಗಲಿಗೆ ಬರುತ್ತಿದ್ದರು. ಒಮ್ಮೊಮ್ಮೆ ಮಾವ ಪನ್ನೀರು ಗುಲಾಬಿ ತರುತ್ತಿದ್ದರು. ಅಂದು ಮನೆಯೆಲ್ಲ ಅದರದೇ ವಾಸನೆ. ಈಗ ಹಣೆ ಬೋಳು, ತುರುಬು ಬೋಳು. ಯಾರೂ ಬಲವಂತ ಮಾಡಿದ್ದಲ್ಲ, ಅವರೇ ಬಿಟ್ಟಿದ್ದು ಎಂದು ನಾವು ನಮಗೆ ಹೇಳಿಕೊಳ್ಳುತ್ತಿದ್ದೆವು.

ಆ ಆಗಸ್ಟ್‌ನಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂತು. ಶುಕ್ರವಾರ ಸಂಜೆ ಆಫೀಸು ಮುಗಿಸಿಕೊಂಡು ಹತ್ತು ಹನ್ನೆರಡು ಜನ ಹೆಂಗಸರು ಮನೆಗೆ ಬಂದಿದ್ದರು. ನಾನು ಅರಿಶಿನ ಕುಂಕುಮದ ತಟ್ಟೆ ಹಿಡಿದು ಸಾಲಾಗಿ ಕೊಡುತ್ತಾ ಬಂದೆ. ಅತ್ತೆ ಸೋಫಾದ ತುದಿಯಲ್ಲಿ ಕೂತಿದ್ದರು. ತಟ್ಟೆ ಅವರ ಮುಂದೆ ಬಂತು, ನಿಲ್ಲದೆ ಪಕ್ಕದವರ ಮುಂದೆ ಹೋಯಿತು. ಬೇಕೆಂದು ಮಾಡಿದ್ದಲ್ಲ. ಚಿಕ್ಕಂದಿನಿಂದ ನೋಡಿ ಕಲಿತದ್ದನ್ನು ಕೈ ತಾನಾಗಿ ಮಾಡಿಬಿಟ್ಟಿತು. ಅತ್ತೆ ಎದ್ದು, "ಹಾಲು ಉಕ್ಕುತ್ತೇನೋ, ನೋಡ್ತೀನಿ" ಎಂದು ಒಳಗೆ ಹೋದರು. ಒಲೆಯ ಮೇಲೆ ಹಾಲು ಇರಲಿಲ್ಲ.

ಅಂದು ರಾತ್ರಿ ನನಗೆ ನಾಚಿಕೆಯಿಂದ ನಿದ್ದೆ ಬರಲಿಲ್ಲ. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ, ಅದರ ಬದಲು ಮಾರನೆಯ ದಿನ ಎಲ್ಲರೂ ಹಾನ್‌ಡಾರ್ಫ್‌ಗೆ ಹೋಗೋಣ ಎಂದೆ.

ಹಾನ್‌ಡಾರ್ಫ್ ಅಡಿಲೇಡ್ ಬೆಟ್ಟಗಳ ಮೇಲಿರುವ ಪುಟ್ಟ ಜರ್ಮನ್ ಹಳ್ಳಿ. ಹೆಚ್ಚುಕಡಿಮೆ ಇನ್ನೂರು ವರ್ಷಗಳ ಹಿಂದೆ, ತಮ್ಮ ರಾಜ ಹೇಳಿದ ರೀತಿಯಲ್ಲಿ ದೇವರಿಗೆ ಕೈ ಮುಗಿಯಲು ಒಪ್ಪದ ಒಂದಷ್ಟು ಸಂಸಾರಗಳು ಹಡಗು ಹತ್ತಿ ಬಂದು ಇಲ್ಲಿ ನೆಲೆ ನಿಂತವು. ಅವರ ಮೇಲೆ ಕನಿಕರಪಟ್ಟು ಜಾಗ ಕೊಡಿಸಲು ಓಡಾಡಿದ ಹಡಗಿನ ಕಪ್ತಾನನ ಹೆಸರನ್ನೇ ಊರಿಗೆ ಇಟ್ಟರು. ಜರ್ಮನಿಯ ಮೇಲೆ ಯುದ್ಧ ನಡೆದಾಗ ಸರ್ಕಾರ ಆ ಹೆಸರನ್ನು ಕಿತ್ತುಹಾಕಿತಂತೆ, ಎಷ್ಟೋ ವರ್ಷದ ಮೇಲೆ ಮತ್ತೆ ಕೊಟ್ಟಿತಂತೆ. ಇರುವುದು ಒಂದೇ ದೊಡ್ಡ ಬೀದಿ. ಎರಡೂ ಕಡೆ ಮುದಿ ಮರಗಳು, ಗೋಡೆಯಲ್ಲಿ ಮರದ ತೊಲೆ ಕಾಣುವ ತಗ್ಗು ಮನೆಗಳು, ಕೋಗಿಲೆ ಕೂಗುವ ಗಡಿಯಾರದ ಅಂಗಡಿ, ನಮ್ಮ ಕೋಡುಬಳೆಯ ದೊಡ್ಡಣ್ಣನಂಥ ಪ್ರೆಟ್ಜೆಲ್ ಮಾರುವ ಬೇಕರಿ. ಉಳಿದಂತೆ ಬೀದಿಯುದ್ದಕ್ಕೂ ಮಾಂಸದ ಸಾಸೇಜು ಸುಡುವ ಹೊಗೆ. ನಮ್ಮಂಥ ಪುಳಿಚಾರು ಜನ ಅಲ್ಲಿ ಮೂಗು ಹಿಡಿದುಕೊಂಡು ಆಲೂಗಡ್ಡೆ ಚಿಪ್ಸ್ ತಿಂದು ಬರುವುದು ವಾಡಿಕೆ.

ಮಧ್ಯಾಹ್ನ ಎರಡು ಗಂಟೆ ಇರಬೇಕು. ಬೆಟ್ಟದ ಮೇಲಿಂದ ಮಂಜು ಇಳಿಯುತ್ತಿತ್ತು. "ನಂಗೆ ಕಾಲು ಸೋತಿದೆ, ಇಲ್ಲೇ ಕೂತಿರ್ತೀನಿ, ನೀವ್ ಹೋಗ್ಬನ್ನಿ" ಎಂದು ಅತ್ತೆ ಚರ್ಚಿನ ಹತ್ತಿರದ ಬೆಂಚಿನ ಮೇಲೆ ಕೂತರು. ನಾವಿಬ್ಬರೂ ಗಡಿಯಾರದ ಅಂಗಡಿಗೆ ಹೋಗಿ ಹತ್ತು ನಿಮಿಷದಲ್ಲಿ ವಾಪಸು ಬಂದೆವು. ಬೆಂಚು ಖಾಲಿ.

ಶ್ರೀಧರ ಒಂದು ಕಡೆ ಓಡಿದ, ನಾನು ಇನ್ನೊಂದು ಕಡೆ. ಅವರ ಹತ್ತಿರ ಫೋನಿರಲಿಲ್ಲ, ಇಂಗ್ಲಿಷ್ ಬರುತ್ತಿರಲಿಲ್ಲ, ಬಿ.ಪಿ. ಮಾತ್ರೆ ನನ್ನ ಚೀಲದಲ್ಲಿತ್ತು. ಅಂಗಡಿ ಅಂಗಡಿ ಹೊಕ್ಕು ಫೋನಿನಲ್ಲಿದ್ದ ಫೋಟೋ ತೋರಿಸಿದೆ. ನಿಮ್ಮ ಮುಂದೆ ಯಾಕೆ ಮುಚ್ಚಿಡಲಿ, ನನ್ನ ಹೆದರಿಕೆ ಅವರು ದಾರಿ ತಪ್ಪಿದರು ಎಂಬುದಲ್ಲ. ನಾನು ಮಾಡಿದ ಅವಮಾನಕ್ಕೆ ಮನನೊಂದು ಎದ್ದು ಹೋಗಿಬಿಟ್ಟರು ಎಂದೇ ನನ್ನ ಜೀವ ಹೊಡೆದುಕೊಳ್ಳುತ್ತಿತ್ತು.

ಮುಕ್ಕಾಲು ಗಂಟೆಯ ಮೇಲೆ ತಿರುಗಿ ಚರ್ಚಿನ ಹತ್ತಿರ ಬಂದರೆ ಅತ್ತೆ ಅದೇ ಬೆಂಚಿನ ಮೇಲೆ ಕೂತಿದ್ದರು. ಮುಖ ಶಾಂತವಾಗಿತ್ತು. ಶ್ರೀಧರ ದಡಬಡ ಬಂದವನೇ, "ಎಲ್ಲಿಗ್ ಹೋಗ್ಬಿಟ್ಟಿದ್ಯಮ್ಮಾ?" ಎಂದು ರೇಗಿದ. ಅವರ ತುರುಬಿನಲ್ಲಿ ಒಂದು ಗುಲಾಬಿ ಇತ್ತು.

ಅತ್ತೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಕಪ್ಪು ಬಟ್ಟೆ ತೊಟ್ಟು ತಲೆಗೆ ಬಿಳಿ ವಸ್ತ್ರ ಕಟ್ಟಿದ ವಯಸ್ಸಾದ ಹೆಂಗಸೊಬ್ಬಳು ಬಂದು ಕೈಸನ್ನೆ ಮಾಡಿ ಕರೆದಳಂತೆ. ಚರ್ಚಿನ ಪಕ್ಕದ ಓಣಿಯಲ್ಲಿ ಅವಳ ಮನೆ. ಬಾಗಿಲು ಎಷ್ಟು ತಗ್ಗೆಂದರೆ ಅತ್ತೆಯೂ ತಲೆ ಬಗ್ಗಿಸಬೇಕಾಯಿತು. ಮೂಲೆಯಲ್ಲಿ ಮರದ ಕಡೆಗೋಲು, ಹಲಗೆಯ ಮೇಲೆ ಎಲೆಯಲ್ಲಿ ಸುತ್ತಿಟ್ಟ ಬೆಣ್ಣೆ ಮುದ್ದೆಗಳು. ಬಿಸಿ ಹಾಲು ಕೊಟ್ಟಳು. ಅವಳು ಅವಳ ಭಾಷೆಯಲ್ಲಿ, ಇವರು ಕನ್ನಡದಲ್ಲಿ ಏನೇನೋ ಮಾತಾಡಿದರು. ಅವಳು ತನ್ನ ಕಪ್ಪು ಬಟ್ಟೆ ಮುಟ್ಟಿ ತೋರಿಸಿದಳು, ಅತ್ತೆಯ ಬೋಳು ಹಣೆ ನೋಡಿದಳು. ಹೊರಡುವಾಗ ಬಾಗಿಲ ಪಕ್ಕದ ಗಿಡದಿಂದ ಹೂವು ಕಿತ್ತು ಮುಡಿಸಿ ಕಳಿಸಿದಳು.

"ಪಾಪ, ಇಂಥಾ ಚಳೀಲಿ ಬರಿಗಾಲಲ್ಲಿದ್ಲು ಕಣೇ" ಎಂದರು ಅತ್ತೆ. "ಬುಟ್ಟೀಲಿ ಎರಡು ಇಟ್ಟಿಗೆ ಬೇರೆ ಹೊತ್ಕೊಂಡಿದ್ಲು. ಯಾಕೋ ಏನೋ."

ಆ ಮನೆ ತೋರಿಸಿ ಎಂದೆವು. ಅತ್ತೆ ಅನುಮಾನವೇ ಇಲ್ಲದೆ ಓಣಿಯಲ್ಲಿ ನಮ್ಮನ್ನು ನಡೆಸಿಕೊಂಡು ಹೋಗಿ ಒಂದು ಕಡೆ ನಿಂತರು. ಅಲ್ಲಿ ಹುಲ್ಲು, ಊಟದ ಮೇಜು, ಒಂದು ಕಸದ ತೊಟ್ಟಿ ಇದ್ದವು. ಅತ್ತೆ ಸುಮ್ಮನೆ ನೋಡಿ, "ಇಲ್ಲೇ ಇತ್ತಲ್ಲೋ" ಎಂದರು. ಶ್ರೀಧರ ನನ್ನ ಕಡೆ ನೋಡಿ ಕಣ್ಣಲ್ಲೇ ಇನ್ನೇನೂ ಕೇಳಬೇಡ ಎಂದ. ವಯಸ್ಸು, ದುಃಖ, ಚಳಿ ಎಂದು ನಾನೂ ಮನಸ್ಸಿನಲ್ಲೇ ಲೆಕ್ಕ ಮುಗಿಸಿದೆ.

ಮೈ ಬೆಚ್ಚಗಾಗಲೆಂದು ಬೇಕರಿಗೆ ಹೋದೆವು. ಆಗಲೇ ಫೋಟೋ ನೋಡಿದ್ದ ಬೇಕರಿಯ ಮುದುಕಿ, ಅತ್ತೆ ಸಿಕ್ಕಿದರಲ್ಲ ಎಂದು ಖುಷಿಪಟ್ಟು ಪಕ್ಕದಲ್ಲೇ ಕೂತಳು. ಬಾಯಿಗೆ ಬಂತೆಂದು ಬರಿಗಾಲಿನ ಹೆಂಗಸಿನ ವಿಷಯ ಹೇಳಿದೆ. ಅವಳು ಕೈಲಿದ್ದ ಕಾಫಿ ಲೋಟ ಕೆಳಗಿಟ್ಟಳು. ಮೊದಲು ಬಂದ ಹೆಂಗಸರು ಬೆಣ್ಣೆ, ಮೊಟ್ಟೆ ಹೊತ್ತು ಬೆಟ್ಟ ಇಳಿದು ಅಡಿಲೇಡ್‌ವರೆಗೆ ನಡೆದು ಹೋಗಿ ಮಾರುತ್ತಿದ್ದರಂತೆ. ಶೂ ಸವೆಯದಿರಲಿ ಎಂದು ದಾರಿಯುದ್ದ ಬರಿಗಾಲು, ಪಟ್ಟಣ ಹತ್ತಿರವಾದಾಗ ಹೊಳೆಯಲ್ಲಿ ಕಾಲು ತೊಳೆದು ಹಾಕಿಕೊಳ್ಳುತ್ತಿದ್ದರು. ವಾಪಸು ಬರುವಾಗ ಒಬ್ಬೊಬ್ಬಳೂ ಎರಡೆರಡು ಇಟ್ಟಿಗೆ ಹೊತ್ತು ತರುತ್ತಿದ್ದಳು, ಊರಿನಲ್ಲಿ ಚರ್ಚು ಕಟ್ಟಲು.

ಇಟ್ಟಿಗೆಯ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ.

ಇವತ್ತು ಯಾರಾದರೂ ಆ ಕಾಲದ ಹೆಂಗಸರ ವೇಷ ಹಾಕಿದ್ದಾರಾ ಎಂದು ಕೇಳಿದೆ. ತನಗೆ ಗೊತ್ತಿದ್ದಂತೆ ಇಲ್ಲ ಎಂದಳು. ಶ್ರೀಧರ ಇಂದಿಗೂ ಯಾರೋ ವೇಷದವಳೇ ಎನ್ನುತ್ತಾನೆ. ಹೂವು ಅಂಗಡಿಯದೇ ಎನ್ನುತ್ತಾನೆ. ಇರಬಹುದು. ಆದರೆ ಆ ತಿಂಗಳಲ್ಲಿ ಊರಿನ ಗುಲಾಬಿ ಗಿಡಗಳನ್ನೆಲ್ಲ ಕತ್ತರಿಸಿ ಮೋಟು ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅಂಗಡಿಯ ಉದ್ದ ಕಡ್ಡಿಯ ಗುಲಾಬಿಗೆ ವಾಸನೆಯೇ ಇರುವುದಿಲ್ಲ. ಇದಕ್ಕೆ ಪನ್ನೀರು ಗುಲಾಬಿಯ ವಾಸನೆ ಇತ್ತು. ಮನೆಗೆ ಬರುವವರೆಗೆ ಕಾರಿನಲ್ಲಿ ಮೈಸೂರಿನ ಆ ಜಗಲಿ ನಮ್ಮ ಜೊತೆಗೇ ಬರುತ್ತಿತ್ತು. ಶ್ರೀಧರ ಎರಡು ಸಲ ಕಣ್ಣೊರೆಸಿಕೊಂಡ. ಅದನ್ನು ಮಾತ್ರ ಅವನು ಒಪ್ಪುವುದಿಲ್ಲ.

ಅತ್ತೆ ಮೈಸೂರಿಗೆ ಹೊರಟ ದಿನ, ಸೂಟ್‌ಕೇಸು ಕಾರಿಗೆ ಹೋದ ಮೇಲೆ, ನಾನು ಅರಿಶಿನ ಕುಂಕುಮದ ತಟ್ಟೆ ತಂದೆ. ಮನೆಯಿಂದ ಹೊರಡುವ ಹೆಂಗಸಿಗೆ ಕುಂಕುಮ ಕೊಡಬೇಕಲ್ಲ. ಆದರೆ ಬೆರಳು ಅವರ ಹಣೆಯ ಹತ್ತಿರ ಹೋಗಿ ನಿಂತುಬಿಟ್ಟಿತು. "ಅತ್ತೆ, ಇಡ್ಲಾ?" ಎಂದೆ.

"ಹೂವು ಮುಡಿಸೋವಾಗ ಅವಳು ಕೇಳ್ಲಿಲ್ಲ ಕಣೇ, ನೀನ್ಯಾಕ್ ಕೇಳ್ತೀಯಾ?" ಎಂದು ಅತ್ತೆ ತಲೆ ಬಗ್ಗಿಸಿದರು.

ಅವರು ಮತ್ತೆ ಆಸ್ಟ್ರೇಲಿಯಾಕ್ಕೆ ಬರಲಿಲ್ಲ. ಹೋದ ವರ್ಷ ತೀರಿಕೊಂಡರು. ಪರ್ತ್‌ಗೆ ಬರುವ ಮುಂಚೆ ಮೂರು ಸಲ ಹಾನ್‌ಡಾರ್ಫ್‌ಗೆ ಹೋಗಿ ಮಂಜು ಇಳಿಯುವವರೆಗೆ ಆ ಬೆಂಚಿನ ಮೇಲೆ ಕೂತಿದ್ದೆ. ಯಾರೂ ಬರಲಿಲ್ಲ. ನನ್ನ ಕೆಲಸದ ಪ್ರಕಾರ ಈ ದೂರನ್ನು ಎಂದೋ ಮುಚ್ಚಬೇಕಿತ್ತು.

ಈಗಲೂ ಹಬ್ಬಕ್ಕೆ ಕ್ಯಾನಿಂಗ್ ವೇಲ್‌ನ ಮನೆಗೆ ಹೆಂಗಸರು ಬರುತ್ತಾರೆ. ಯಾರೋ ಒಬ್ಬರು ಆಂಟಿ ಮೂಲೆಯಲ್ಲಿ ಕೂತು, "ನಂಗ್ ಬೇಡಮ್ಮ, ಅವರಿಗೆ ಕೊಡು" ಎಂದು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಆಗ ಅವರ ಪಕ್ಕದಲ್ಲಿ ಕೂತು ಈ ಕತೆ ಹೇಳುತ್ತೇನೆ. ಕೇಳಿದವರೆಲ್ಲ ಕೊನೆಗೆ, ಆ ಹೆಂಗಸು ಯಾರಿರಬಹುದು ಎನ್ನುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ. ತಟ್ಟೆ ಅಲ್ಲೇ ಹಿಡಿದಿರುತ್ತೇನೆ.