ಆರು ಕಂಪ್ಯೂಟರಿಗೆ ಒಂದು ಸರ್ಟಿಫಿಕೇಟು

ಆಯುಧಪೂಜೆ, ವಿಜಯದಶಮಿ ಎರಡೂ ಕಳೆದ ಮಾರನೆಯ ಬೆಳಿಗ್ಗೆ ಚಾಮರಾಜಪೇಟೆಯ ವಾಚನಾಲಯದಲ್ಲಿ ಮೂವರಿದ್ದೆವು: ಟ್ರಸ್ಟಿನ ಕಾರ್ಯದರ್ಶಿಗಳು, ಲೈಬ್ರರಿ ನೋಡಿಕೊಳ್ಳುವ, ಎಲ್ಲರೂ ಅಮ್ಮ ಎಂದು ಕರೆಯುವ ಹಿರಿಯರು, ನಾನು. ಅಲ್ಲಿನ ಆರು ಲಿನಕ್ಸ್ ಕಂಪ್ಯೂಟರುಗಳನ್ನು ಹನ್ನೊಂದು ವರ್ಷದಿಂದ ನೋಡಿಕೊಂಡು ಬಂದವನು ನಾನೇ. ಅವತ್ತು ಆರಕ್ಕೂ ಕುಂಕುಮ ಹಚ್ಚಿತ್ತು. ನಾಲ್ಕರ ಪರದೆ ಕಪ್ಪಗಿತ್ತು, ಮೇಲೊಂದಿಷ್ಟು ಬಿಳಿ ಇಂಗ್ಲಿಷ್ ಸಾಲು.

"ನಾನೇನೂ ಮುಟ್ಟಿಲ್ಲಪ್ಪ," ಅಂದರು ಅಮ್ಮ, ಕೇಳುವ ಮೊದಲೇ.

ಕಂಪ್ಯೂಟರ್ ಕೆಟ್ಟ ಕಡೆಯೆಲ್ಲ ಮೊದಲು ಕೇಳಿಬರುವ ಮಾತು ಅದೇ. "ಪೂಜೆ ಹೇಗಾಯ್ತಮ್ಮ?" ಅಂದೆ. ಬೂದುಗುಂಬಳ ಒಡೆದದ್ದು, ಪುರಿ ಹಂಚಿದ್ದು ಎಲ್ಲ ಹೇಳಿ, ಕೊನೆಗೆ ಮೆಲ್ಲಗೆ, "ಆಯುಧ ಅಂದ್ಮೇಲೆ ಅವಕ್ಕೂ ವಿಶ್ರಾಂತಿ ಬೇಕಲ್ವಾ. ಮಂಗಳಾರತಿ ಆದ್ಮೇಲೆ ಮೇನ್ ಸ್ವಿಚ್ ಆಫ್ ಮಾಡ್ದೆ," ಅಂದರು. ಓಡುತ್ತಿದ್ದ ಕಂಪ್ಯೂಟರುಗಳಿಗೆ ಇದ್ದಕ್ಕಿದ್ದಂತೆ ಕರೆಂಟು ಹೋಗಿತ್ತು. ಡಿಸ್ಕ್ ಪರೀಕ್ಷಿಸುವ ಆಜ್ಞೆ ಕೊಟ್ಟೆ. ಅರ್ಧ ಗಂಟೆಯಲ್ಲಿ ನಾಲ್ಕೂ ಎದ್ದವು.

ನಿಂತು ನೋಡುತ್ತಿದ್ದ ಕಾರ್ಯದರ್ಶಿಗಳು, "ಅದೆಲ್ಲ ಸರಿ. ಇನ್ಮೇಲೆ ಸರ್ಟಿಫಿಕೇಟ್ ಇರೋರಿಗೇ ಈ ಕೆಲಸ ಅಂತ ಕಮಿಟಿ ತೀರ್ಮಾನ. ಎರಡು ತಿಂಗಳು ಟೈಮಿದೆ. ನಿಮ್ಹತ್ರ ಏನಿದೆ?" ಅಂದರು.

"ಈಗ ನಿಮ್ಮ ಕಣ್ಮುಂದೇನೇ ಎದ್ವಲ್ಲ ಸಾರ್."

"ಎದ್ದಿದ್ದನ್ನ ಫೈಲಿಗೆ ಹಾಕಕ್ಕಾಗತ್ತಾ?"

ಮೈಯೆಲ್ಲ ಉರಿಯಿತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಿದ್ದಳು ನಮ್ಮಜ್ಜಿ. ಈ ಕಮಿಟಿಗೆ ಆ ಒಕ್ಕಾಲೂ ಬೇಡ, ಕಾಗದವೊಂದಿದ್ದರೆ ಸಾಕು. ಬ್ಯಾಗು ಹೆಗಲಿಗೆ ಹಾಕಿ, ಇನ್ನು ಇತ್ತ ತಲೆ ಹಾಕುವುದಿಲ್ಲ ಎಂದು ಹೊರಟೆ. ಗೇಟಿನ ಹತ್ತಿರ ಅಮ್ಮ ತಡೆದರು.

"ನೀನು ಬಿಟ್ಟುಹೋದ್ರೆ ಅವ್ರಿಗೇನಪ್ಪ ನಷ್ಟ? ಬರೋನು ನನ್ನ ಗದರ್ತಾನೆ, ನಾನು ಹೆದರ್ಕೊಂಡು ಸುಳ್ಳು ಹೇಳ್ತೀನಿ. ಹೋಗಿ ಪರೀಕ್ಷೆ ಬರ್ದು ಬಾ."

ಹೋದೆ. ಎರಡು ತಿಂಗಳು ಹಲ್ಲು ಕಚ್ಚಿಕೊಂಡು ಓದಿದೆ. ಓದಿದ್ದು ದಂಡ ಅಂದರೆ ಪಾಪ ಬರುತ್ತದೆ: ಕಂಪ್ಯೂಟರ್ ಏನು ಕೇಳಿದರೂ ಇಷ್ಟು ವರ್ಷ ಕಣ್ಣು ಮುಚ್ಚಿ ಹೂಂ ಅನ್ನುತ್ತಿದ್ದೆ. ಯಾವುದಕ್ಕೆ ಒಪ್ಪುತ್ತಿದ್ದೆ ಎಂದು ತಿಳಿದದ್ದು ಆಗಲೇ. ಆದರೆ ಮೆಜೆಸ್ಟಿಕ್ ಹತ್ತಿರದ ಪರೀಕ್ಷಾ ಕೇಂದ್ರದಲ್ಲಿ ಒಂದಾದ ಮೇಲೊಂದು ಪ್ರಶ್ನೆಗೆ ಉತ್ತರ ಒತ್ತುತ್ತ ಹೋದರೂ, ಹೆದರಿದ ಹೆಂಗಸನ್ನು ನಾಚಿಸದೆ ಏನಾಯಿತೆಂದು ಕೇಳಿ ತಿಳಿಯುವುದು ಹೇಗೆ ಎಂಬ ಪ್ರಶ್ನೆ ಒಂದೂ ಬರಲಿಲ್ಲ. ನನ್ನ ಕೆಲಸದ ಅರ್ಧ ಅದೇ.

ಪಾಸಾದೆ. ಕಾರ್ಯದರ್ಶಿಗಳು ಸರ್ಟಿಫಿಕೇಟನ್ನು ಓದಲೂ ಇಲ್ಲ. ಪಂಚ್ ಮಾಡಿ ಫೈಲಿಗೆ ಸೇರಿಸಿದರು. ತೂತು ನನ್ನ ಹೆಸರಿನ ಮೊದಲಕ್ಷರದ ಮೇಲೇ ಬಿತ್ತು. ಕೆಲಸ ಉಳಿಯಿತು, ಸಿಟ್ಟೂ ಉಳಿಯಿತು.

ಮರುವರ್ಷ ಆಯುಧಪೂಜೆಯ ದಿನ ಅಮ್ಮನ ಫೋನು ಬಂತು. "ಆರನ್ನೂ ಒಂದೊಂದಾಗಿ ಶಟ್‌ಡೌನ್ ಮಾಡ್ದೆ ಕಣಪ್ಪ. ಐದನೇದು ಏನೋ ಕೇಳ್ತು, ಓದದೇ ಹೂಂ ಅಂದ್ಬಿಟ್ಟೆ. ಬಂದು ನೋಡ್ತೀಯಾ?"

ಹೋಗಿ ನೋಡಿದೆ. ಏನೂ ಆಗಿರಲಿಲ್ಲ. ಪುರಿ ಕಟ್ಟಿಕೊಟ್ಟರು.