ಗುಬ್ಬಿ ತಾಲ್ಲೂಕಿನ ಹೆಸರುಗಳು ಎಲ್ಲಿ ಹೋದವು

ತುಮಕೂರಿನ ಶಿರಾ ಗೇಟ್ ಹತ್ತಿರದ ತೆಂಗು ಬೆಳೆಗಾರರ ಸಂಘದಲ್ಲಿ ಖುರ್ಷಿದ್ ಪಾಷಾ ಟೈಪಿಸ್ಟ್ ಆಗಿದ್ದರು. ಅವರ ಅಪ್ಪ ಮಂಡಿಯಲ್ಲಿ ಕೊಬ್ಬರಿ ಮೂಟೆ ಹೊತ್ತೂ ಹೊತ್ತೂ ಬೆನ್ನು ಬಗ್ಗಿಸಿಕೊಂಡವರು. ನನ್ನ ಮಗ ಮೂಟೆ ಸಹವಾಸಕ್ಕೇ ಹೋಗಬಾರದು, ಕುರ್ಚಿಯಲ್ಲಿ ಕೂತು ತಿನ್ನಬೇಕು ಅಂತ ಹಟ ಹಿಡಿದು ಎಪ್ಪತ್ತೆರಡರಲ್ಲಿ ಟೈಪಿಂಗ್ ಕ್ಲಾಸಿಗೆ ಸೇರಿಸಿದ್ದರು. ಹಾಗೆ ದಕ್ಕಿದ ಕೆಲಸವನ್ನು ಪಾಷಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದರು. ಅವರ ಟೈಪ್‌ರೈಟರ್ ಮುಟ್ಟಲು ಮ್ಯಾನೇಜರ್ ಶಿವರಾಮಯ್ಯನವರೂ ಅಂಜುತ್ತಿದ್ದರು, ಸುಳ್ಳಲ್ಲ.

ಎಂಬತ್ತೇಳರಲ್ಲಿ ಕಚೇರಿಗೆ ಕಂಪ್ಯೂಟರ್ ಬಂತು. ಬಂದದ್ದೇನೋ ಬಂತು, ಯಾವುದು ಕಂಪ್ಯೂಟರ್ ಅಂತ ಮಾತ್ರ ಯಾರಿಗೂ ತಿಳಿಯಲಿಲ್ಲ. ಬೀರುವಿನಂಥ ಒಂದು ಪೆಟ್ಟಿಗೆ ಹಿಂದಿನ ಕೋಣೆ ಸೇರಿತು. ಆ ಕೋಣೆಗೆ ಏಸಿ ಹಾಕಿಸಿದರು, ಚಪ್ಪಲಿ ಹೊರಗೆ ಬಿಡಿ ಅಂತ ಬಾಗಿಲಿಗೆ ಬೋರ್ಡು ತಗುಲಿಸಿದರು. ಒಳಗೆ ದೇವರಿದೆಯೋ ದೆವ್ವವಿದೆಯೋ ವಿಚಾರಿಸುವ ಧೈರ್ಯ ಯಾರಿಗಿತ್ತು? ಹೊರಗೆ ಪಾಷಾ ಮೇಜಿನ ಮೇಲೊಂದು, ಪಕ್ಕದ ಟೈಪಿಸ್ಟ್ ಮಂಜುಳಮ್ಮನ ಮೇಜಿನ ಮೇಲೊಂದು ಟಿವಿಯಂಥ ಡಬ್ಬಿ ಕೂತವು. ಅದರ ಹೆಸರು ಟರ್ಮಿನಲ್ಲಂತೆ. ಡಬ್ಬಿಯ ಬೆನ್ನಿಂದ ಹೊರಟ ದಪ್ಪ ವೈರು ಗೋಡೆಯ ತೂತಿನಲ್ಲಿ ಮಾಯವಾಗುತ್ತಿತ್ತು. ಕರೆಂಟಿನದ್ದಿರಬೇಕು ಅಂದುಕೊಂಡು ಪಾಷಾ ಸುಮ್ಮನಾದರು.

"ಗುಬ್ಬಿ ತಾಲ್ಲೂಕಿನ ಸದಸ್ಯರೆಲ್ಲಾ ನಿಮ್ಮ ಪಾಲಿಗೆ ಪಾಷಾ ಅವ್ರೆ, ತುಮಕೂರು ತಾಲ್ಲೂಕು ಮಂಜುಳಮ್ಮಂಗೆ," ಅಂದರು ಶಿವರಾಮಯ್ಯ. "ಹೆಸರು, ಊರು ಎಲ್ಲಾ ಇಂಗ್ಲಿಷಲ್ಲಿ ಇದಕ್ಕೆ ಹೊಡೀಬೇಕು. ಸರಿಯಾಗಿ ಮಾಡಿದ್ರೆ ಇಲ್ಲೇ ಇರ್ತೀರಿ. ಇಲ್ಲಾಂದ್ರೆ ಕುಣಿಗಲ್ ಗೋಡೌನಿಗೆ ಹೋಗಿ ಮೂಟೆ ತೂಗ್ಬೇಕಾಗ್ತದೆ, ನೋಡಿ."

ಮೂಟೆ ಅಂದದ್ದೇ ತಡ, ಪಾಷಾ ಕಣ್ಣ ಮುಂದೆ ಅಪ್ಪನ ಬಗ್ಗಿದ ಬೆನ್ನು ಬಂತು. ಅಂದಿನಿಂದ ಅವರು ತಲೆ ಎತ್ತಲಿಲ್ಲ. ಒಂದೊಂದು ಹೆಸರನ್ನೂ ಎರಡೆರಡು ಸಲ ನೋಡಿ ಒತ್ತಿದರು. ಸಂಜೆ ಡಬ್ಬಿಗೆ ಬಟ್ಟೆ ಹೊದಿಸಿ, ಸುತ್ತ ದಾರ ಕಟ್ಟಿ, ಮಂಜುಳಮ್ಮನ ಕಡೆ ಒಂದು ಅನುಮಾನದ ನೋಟ ಬೀರಿ ಮನೆಗೆ ಹೋಗುತ್ತಿದ್ದರು. ಗುಬ್ಬಿಯ ಬೆಳೆಗಾರರೆಲ್ಲ ನನ್ನ ಡಬ್ಬಿಯೊಳಗಿದ್ದಾರೆ, ನನ್ನನ್ನು ಎಬ್ಬಿಸುವ ಗಂಡು ಯಾರು ಅನ್ನುವುದು ಅವರ ಲೆಕ್ಕಾಚಾರ. ಅದರಲ್ಲಿ ತಪ್ಪೇನಿದೆ ಹೇಳಿ? ಟೈಪ್‌ರೈಟರಿಗೆ ಸಿಕ್ಕಿಸಿದ ಹಾಳೆ ಟೈಪ್‌ರೈಟರಲ್ಲೇ ತಾನೇ ಇರುತ್ತದೆ?

ಕೆಲಸ ಇನ್ನೇನು ಮುಗಿಯಬೇಕು, ಒಂದು ಶನಿವಾರ ಮಧ್ಯಾಹ್ನ ಗುಡುಗು ಬಂತು. ಕರೆಂಟು ಹೋಗಿ ಬಂತು, ಮತ್ತೆ ಹೋಗಿ ಬಂತು. ಡಬ್ಬಿ ಮಾತ್ರ ಕಪ್ಪಗೇ ಉಳಿಯಿತು. ಮ್ಯಾನೇಜರ್ ಗುಬ್ಬಿಗೆ ಹೋಗಿದ್ದರು, ಮಂಜುಳಮ್ಮ ರಜೆಯಲ್ಲಿದ್ದರು. ಕೆಟ್ಟ ಬುದ್ಧಿಗೆ ಅಷ್ಟು ಪುರುಸೊತ್ತು ಸಾಲದೇ? ವೈರು ಕಿತ್ತು, ಡಬ್ಬಿಯನ್ನು ದುಪ್ಪಟಿಯಲ್ಲಿ ಸುತ್ತಿ, ಜಟಕಾ ಹತ್ತಿಸಿಕೊಂಡು ನೇರ ರೇಡಿಯೋ ರಿಪೇರಿ ಗಂಗಹನುಮಯ್ಯನ ಅಂಗಡಿಗೆ ಹೋದರು.

ಗಂಗಹನುಮಯ್ಯ ಸ್ಕ್ರೂ ಬಿಚ್ಚಿ ಒಳಗೆ ಇಣುಕಿದ.

"ಪಿಚ್ಚರ್ ಟ್ಯೂಬ್ ಐತೆ, ಎರಡು ಬೋರ್ಡ್ ಐತೆ. ಏನ್ ಹುಡುಕ್ಬೇಕು ಪಾಷಣ್ಣ?"

"ಹೆಸರು."

"ಯಾರ್ ಹೆಸರು?"

"ಗುಬ್ಬಿ ತಾಲ್ಲೂಕಿಂದು. ಎಲ್ಲಾ ಅದರೊಳಗೇ ಹಾಕಿದೀನಿ."

ಗಂಗಹನುಮಯ್ಯ ಡಬ್ಬಿಯನ್ನು ನೋಡಿದ, ಪಾಷಾ ಮುಖವನ್ನೂ ನೋಡಿದ. "ರೇಡಿಯೋದಲ್ಲಿ ದಿನಾ ವಾರ್ತೆ ಬರ್ತದೆ ಕಣಣ್ಣ. ಬಿಚ್ಚಿದ್ರೆ ಓದೋರು ಸಿಗ್ತಾರಾ? ಇದು ಬರೀ ಖಾಲಿ. ಫ್ಯೂಸ್ ಹೋಗಿತ್ತು, ಹಾಕಿದೀನಿ, ತಕೊಂಡ್ಹೋಗು."

ಆ ಮಾತಿನ ತಲೆಬುಡ ಪಾಷಾಗೆ ಹತ್ತಲಿಲ್ಲ. ಖಾಲಿ ಅಂದರೆ? ಹಾಕಿದ್ದು ಹಾಗಾದರೆ ಎಲ್ಲಿಗೆ ಹೋಯಿತು? ಗುಡುಗು ಹೊತ್ತುಕೊಂಡು ಹೋಯಿತೇ? ಮಂಜುಳಮ್ಮ ಏನಾದರೂ ಕೈಯಾಡಿಸಿದಳೇ? ಭಾನುವಾರವಿಡೀ ಅನ್ನ ಸೇರಲಿಲ್ಲ. ಹೆಂಡತಿ ಶರೀಫುನ್ನೀಸಾ ಏನಾಯಿತೆಂದು ಕೇಳಿದರೆ ಹೇಳಲಿಕ್ಕೆ ಅವರಿಗೇ ಗೊತ್ತಿರಲಿಲ್ಲ.

ಸೋಮವಾರ ಡಬ್ಬಿಯನ್ನು ಮೇಜಿನ ಮೇಲಿಟ್ಟವರೇ ಶಿವರಾಮಯ್ಯನವರ ಮುಂದೆ ನಿಂತರು. "ಸರ್, ಗುಬ್ಬಿ ಹೋಯ್ತು. ಬಿಚ್ಚಿಸಿ ನೋಡ್ದೆ. ಒಳಗೆ ಏನೂ ಇಲ್ಲ."

"ಬಿಚ್ಚಿಸಿದ್ರಾ?" ಶಿವರಾಮಯ್ಯ ಎದ್ದೇ ನಿಂತರು.

ಮಂಜುಳಮ್ಮ ತಮ್ಮ ಮೇಜಿನಲ್ಲಿ ಕೂತಲ್ಲೇ ಏನೋ ಒತ್ತಿದರು. "ಇಲ್ಲೇ ಇದಾವಲ್ಲ ಪಾಷಾ ಅವ್ರೆ, ಬನ್ನಿ ನೋಡಿ."

ನೋಡಿದರೆ ಹೆಸರುಗಳು ಸಾಲಾಗಿ ಇಳಿದು ಬರುತ್ತಿವೆ, ಗುಬ್ಬಿಯವೇ, ಪಾಷಾ ಒತ್ತಿದವೇ. "ನನ್ನವು ನಿಮ್ಮ ಡಬ್ಬಿಗೆ ಹೆಂಗ್ ಬಂದ್ವು?"

"ನನ್ನ ಡಬ್ಬೀಲೂ ಇಲ್ಲ, ನಿಮ್ಮದ್ರಲ್ಲೂ ಇಲ್ಲ. ಇಬ್ರದೂ ಆ ಏಸಿ ರೂಮಲ್ಲಿರೋದು. ಇವು ಬರೀ ಕಿಟಕಿ."

ಪಾಷಾ ಪೂರ್ತಿ ಒಪ್ಪಲಿಲ್ಲ, ಆದರೂ ಕಣ್ಣು ತುಂಬಿ ಬಂತು. ಅಲ್ಲಾ ಕಾಪಾಡಿದ, ಬದುಕಿಕೊಂಡೆ ಅಂದುಕೊಂಡರು. ಅನುಮಾನಪಟ್ಟದ್ದಕ್ಕೆ ಮಂಜುಳಮ್ಮನ ಮುಖ ನೋಡಲೂ ನಾಚಿಕೆಯಾಯಿತು.

ಶಿವರಾಮಯ್ಯ ಮಾತ್ರ ಗದ್ದ ಕೆರೆಯುತ್ತ ನಿಂತಿದ್ದರು. "ತಾಳಿ ಮಂಜುಳಮ್ಮ. ಅಂದ್ರೆ ಪಾಷಾ ಅವ್ರ ಕೆಲಸಾನ ನೀವು ಇಲ್ಲಿಂದಾನೇ ಮುಂದುವರಿಸ್ಬೋದಾ?"

"ಧಾರಾಳವಾಗಿ ಸರ್," ಅಂದರು ಮಂಜುಳಮ್ಮ. ಅಂದವರೇ ತುಟಿ ಕಚ್ಚಿಕೊಂಡರು.



"ಕುಣಿಗಲ್ಲಲ್ಲಿ ಜನ ಇಲ್ಲ, ಪಾಷಾ ಅವ್ರೆ," ಅಂದರು ಶಿವರಾಮಯ್ಯ, ಬಹಳ ಮೆತ್ತಗೆ.

"ಸರಿಯಾಗಿ ಮಾಡಿದ್ರೆ ಇಲ್ಲೇ ಅಂದಿದ್ರಿ ಸರ್. ಒಂದು ತಪ್ಪಿದ್ರೆ ತೋರ್ಸಿ."

"ಅಂದಿದ್ದೆ. ತಪ್ಪೂ ಇಲ್ಲ. ಡಬ್ಬಿಗೊಬ್ಬರು ಬೇಕು ಅಂತ ನಾನೂ ತಿಳ್ಕೊಂಡಿದ್ದೆ. ನನಗೇನ್ ಗೊತ್ತಿತ್ತು?"

ಅವರಿಗೂ ನಿಜವಾಗಿ ಗೊತ್ತಿರಲಿಲ್ಲ. ಇನ್ನು ಯಾರ ಮೇಲೆ ಸಿಟ್ಟು ಮಾಡುವುದು? ಪಾಷಾ ಒಮ್ಮೆ ತಮ್ಮ ಡಬ್ಬಿಯನ್ನು ನೋಡಿದರು, ಒಮ್ಮೆ ಏಸಿ ಕೋಣೆಯ ಬಾಗಿಲನ್ನು ನೋಡಿದರು.

"ಎಲ್ಲೀಗಂಟ ಆಗಿತ್ತು?" ಮಂಜುಳಮ್ಮ ತಲೆ ಎತ್ತದೆ ಕೇಳಿದರು.

ಪಾಷಾ ಸದಸ್ಯರ ಪುಸ್ತಕ ತಂದು ಅವರ ಪಕ್ಕದಲ್ಲಿ ನಿಂತರು. "ಕಾಳಯ್ಯ, ಚೇಳೂರು. ಅವರದು ಅರ್ಧ ಆಗಿತ್ತು."

"ಆಮೇಲೆ?"

"ದೊಡ್ಡಗಂಗಮ್ಮ, ನಿಟ್ಟೂರು. ಡಿ ಎರಡು ಹಾಕಿ," ಅಂದರು ಪಾಷಾ, ಮಂಜುಳಮ್ಮ ಒತ್ತುವವರೆಗೆ ಕಾದು, ಮುಂದಿನ ಹೆಸರು ಓದಿದರು.